ತಿಪ್ಪಯ್ಯನೂ ಜಮೇದಾರನೂ

ಲೊಕ್ಕನಹಳ್ಳಿ,
ಕೊಳ್ಳೇಗಾಲ ತಾಲ್ಲೂಕು,
12-3-1944

ಪೂಜ್ಯ ಯಜಮಾನರ ಪಾದಗಳಿಗೆ ನಿಮ್ಮ ಗುರುಸಿದ್ದಮ್ಮ ಮಾಡುವ ನಮಸ್ಕಾರಗಳು.

ಮೈಯಲ್ಲಿ ಸೌಖ್ಯವಾಗಿದ್ದೀರಾ? ಆ ಯುದ್ಧದ ಸೀಮೆಯಲ್ಲಿ ಹೊತ್ತಿಗೆ ಸರಿಯಾಗಿ ಅನ್ನವನ್ನಾದರೂ ಹಾಕುತ್ತಾರಾ? ಪಲ್ಟಣಿಯಲ್ಲಿ ನೀವು ಹವಲ್ದಾರರಿಂದ ಜಮೇದಾರರಾದಿರೆಂದು ತಿಳಿದು ಅತ್ತೆಯವರು ಬೀದಿಗೆಲ್ಲ ಬೆಲ್ಲ ಹಂಚಿದರು. ನಾನೂ ಹಿಗ್ಗಿದೆ. ಆದರೆ ಮಗುವಿಗೂ ಜಮೇದಾರನೆಂದೇ ಹೆಸರಿಡಿ ಎಂದು ಬರೆದಿದ್ದಿರಲ್ಲ, ಅದನ್ನು ಓದಿದಾಗಿನಿಂದ ನನಗೆ ಭಯ ಹತ್ತಿದೆ.

ಮೊದಲಿನ ಎರಡು ಕೂಸುಗಳು ಕೈಗೆ ಹತ್ತಲಿಲ್ಲವೆಂದು ಇದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟೆವು. ಎದುರುಮನೆಯ ಸೋಮಮ್ಮ ಎತ್ತಿಕೊಂಡಳು. ಅವಳಿಗೆ ಒಂದು ಹಿಡಿ ತೌಡು ಕೊಟ್ಟು ಕೊಂಡುಕೊಂಡೆವು. ತಿಪ್ಪೆಯಲ್ಲಿ ಸಿಕ್ಕಿದ್ದರ ಮೇಲೆ ಯಾರ ಕಣ್ಣೂ ಬೀಳದಿರಲೆಂದು ತಿಪ್ಪಯ್ಯ ಎಂದು ಕರೆದೆವು. ಈಗ ನಿಮ್ಮವ್ವ ಕೇಳಬೇಕಲ್ಲ! "ಜಮೇದಾರ ಅಂದ್ರೆ ಯಮನೂ ಕೈಕಟ್ಕಂಡು ನಿಂತ್ಕತಾನೆ ಕಣವ್ವ" ಎಂದು ಕೂಸಿನ ಕಿವಿಯಲ್ಲಿ ಆ ಹೆಸರು ಕೂಗಿಯೇಬಿಟ್ಟರು. ಬಂಡಳ್ಳಿಯ ದಳವಾಯಪ್ಪ ಗುಂಡುಕಲ್ಲಿನಂತೆ ಇಲ್ಲವೇ ಎಂದರು. ಅವನ ತಾತ ಯಾವುದೋ ದಳವಾಯಿಯ ಕುದುರೆಗೆ ಹುಲ್ಲು ಹಾಕುತ್ತಿದ್ದವನು, ಊರವರು ಕೀಟಲೆಗೆ ಕರೆದದ್ದು ಮನೆತನಕ್ಕೇ ಅಂಟಿಕೊಂಡಿತು. ನಮಗೆ ಮೊಸರು ಮಾರುವ ದೊರೆಯಮ್ಮನೂ ಯಾವ ರಾಜ್ಯ ಆಳಿದವಳಲ್ಲ. ಅವು ಬರೀ ಬಾಯಿಮಾತಿನ ಪದವಿಗಳು, ಯಮ ನಂಬಲಿಲ್ಲ. ನಿಮ್ಮದು ಸರ್ಕಾರವೇ ಕೊಟ್ಟ ನಿಜವಾದ ಪದವಿ, ಯಮನ ಕಣ್ಣಿಗೆ ಬೀಳುವಂಥದ್ದು. ನನಗಿರುವ ಭಯ ಅದೇ.

ಆ ಸಂಜೆಯೇ ಕೂಸು ಮೊಲೆ ಬಿಟ್ಟಿತು. ಮೈ ಸುಡುತ್ತಿದೆ. ಹನೂರಿನ ಪಂಡಿತರು ಕೊಟ್ಟ ಕಷಾಯವೂ ಗಂಟಲಿಗಿಳಿಯುತ್ತಿಲ್ಲ. ಇದೂ ಹೋದರೆ ನಾನು ಉಳಿಯುವುದಿಲ್ಲ. ನಿಮ್ಮ ಮಾತು ಮೀರಿದಳೆಂದು ಸಿಟ್ಟಾಗಬೇಡಿ, ಕೂಸನ್ನು ಮತ್ತೆ ತಿಪ್ಪೆಯ ಮೇಲಿಡಲು ಮೊರ ಇಳಿಸುತ್ತಿದ್ದೇನೆ.

ಅತ್ತೆಯವರ ಆಶೀರ್ವಾದಗಳು. ಮಾದಪ್ಪ ನಿಮ್ಮ ತಲೆ ಕಾಯಲಿ.

ಇಂತಿ ನಿಮ್ಮ
ಗುರುಸಿದ್ದಮ್ಮ

ಮತ್ತೊಂದು ಮಾತು: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಕೂಸನ್ನು ಮತ್ತೆ ತೌಡಿಗೆ ಕೊಂಡೆವು. ಈಗಷ್ಟೇ ಎರಡು ಗುಟುಕು ಹಾಲು ಕುಡಿಯಿತು. ಮೊರ ಹೊತ್ತವರು ಅತ್ತೆಯವರೇ. ತಿಪ್ಪೆಯ ಹತ್ತಿರ ಕುಸಿದು ಕೂತು ಅತ್ತುಬಿಟ್ಟರು. "ನನ್ ಮಗನ್ನೂ ಇಲ್ಲೇ ಮಡಗಿ ತಕಂಡಿದ್ದೆ ಕಣವ್ವ. ಅವ್ನೂ ತಿಪ್ಪನೇಯ. ಇಸ್ಕೂಲ್ಗೆ ಸೇರ್ಸುವಾಗ ಎಸ್ರು ಬದ್ಲಾಯ್ಸುದ್ವಿ" ಎಂದರು. ಇನ್ನು ದೀಪ ಹಚ್ಚುವಾಗ ನಾವಿಬ್ಬರೂ ನಿಮ್ಮನ್ನು ತಿಪ್ಪಯ್ಯನೆಂದೇ ನೆನೆಯುತ್ತೇವೆ. ಅಲ್ಲಿ ಕತ್ತಲಲ್ಲಿ ಯಾರಾದರೂ ಜಮೇದಾರ ಎಂದು ಕೂಗಿದರೆ ಮೊದಲ ಕೂಗಿಗೇ ಓ ಎನ್ನಬೇಡಿ. ತಿಪ್ಪಾ ಎಂದು ಕೂಗಿದರೆ ಅದು ನಾವು, ಬಂದುಬಿಡಿ.