ನಲವತ್ತೊಂದನೆಯ ಸಾಲು

ಗಡಹಿಂಗ್ಲಜ
೧೨ ಅಕ್ಟೋಬರ್ ೨೦೨೫, ರವಿವಾರ

ಪ್ರಾಜಕ್ತಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಫೋನು ಮಾಡಿದಾಗಲೆಲ್ಲ ನೀನು ಮೀಟಿಂಗಿನಲ್ಲಿರುತ್ತೀ. ಕಾಗದವನ್ನಾದರೂ ಒಬ್ಬಳೇ ಕುಳಿತು ಓದುತ್ತೀಯೆಂದು ಬರೆಯುತ್ತಿದ್ದೇನೆ. ಕೊಲ್ಹಾಪುರದ ನಿನ್ನ ಕಚೇರಿಯಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಇಲ್ಲ.

ಸೀಗಿ ಹುಣ್ಣಿಮೆಗೆ ಮಹಾಗಾಂವಿನ ಅಕ್ಕವ್ವ ದೊಡ್ಡವ್ವನ ಮನೆಗೆ ಹೋಗಿದ್ದೆ. ನೀನು ಅವಳನ್ನು ಮರೆತಿರಲಿಕ್ಕಿಲ್ಲ. ಇಚಲಕರಂಜಿಯಲ್ಲಿ ನನ್ನವ್ವ ಮಗ್ಗದ ಪಾಳಿಗೆ ಹೋಗುತ್ತಿದ್ದಾಗ, ಶಾಲೆಗೆ ಸೂಟಿ ಬಿಟ್ಟೊಡನೆ ನಿನ್ನನ್ನೂ ನನ್ನನ್ನೂ ಜೊತೆಗೇ ಕರೆದೊಯ್ದು ತಿಂಗಳುಗಟ್ಟಲೆ ಉಣ್ಣಿಸಿದವಳು. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಬುಟ್ಟಿ ಹೊತ್ತು ಗದ್ದೆಗೆ ಹೋದೆವು. ಬದುವಿನ ಮೇಲೆ ನಿಂತವಳು ಬುಟ್ಟಿ ಇಳಿಸಲೇ ಇಲ್ಲ. ತೆನೆ ಬಿಟ್ಟ ಭತ್ತದ ನಡುವೆ ಕಣದಷ್ಟಗಲ ದುಂಡಗೆ ಒಣಗಿತ್ತು, ಕುದಿಯುವ ನೀರು ಹೊಯ್ದ ಹಾಗೆ. ಅಂಥವು ಏಳೆಂಟು. ಕೆಳಗಿಳಿದು ಬುಡ ಸರಿಸಿ ನೋಡಿದೆ. ಕಂದು ಜಿಗಿಹುಳುಗಳು ಕಿಕ್ಕಿರಿದಿದ್ದವು. ಭತ್ತದ ಸಂಶೋಧನಾ ಕೇಂದ್ರದಲ್ಲಿ ಹತ್ತು ವರ್ಷ ದಿನಗೂಲಿಯ ಮೇಲೆ ಆ ಹುಳುಗಳನ್ನು ಪಂಜರದಲ್ಲಿ ಸಾಕಿದವಳಿಗೆ ಅವುಗಳ ಗುರುತು ಯಾರೂ ಹೇಳಬೇಕಿರಲಿಲ್ಲ.

“ಈ ಬೀಜಕ್ಕ ತುಡತುಡೆ ಹುಳ ಬಡಿಯೂದಿಲ್ಲ ಅಂದಿದ್ದೆಲ್ಲವ್ವ ನೀ,” ಎಂದಳು ದೊಡ್ಡವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ತಾನೇ ಎಲ್ಲೋ ತಪ್ಪಾಗಿ ಕೇಳಿಸಿಕೊಂಡೆನೇನೋ ಎಂಬಂತಿತ್ತು.

ಅದು ಕೇಂದ್ರದಲ್ಲಿ ನೀನೇ ರೂಪಿಸಿದ ತಳಿ, ಪ್ರಾಜಕ್ತಾ. ನನ್ನ ಮಾತು ನಂಬಿ ತಾನೂ ಬಿತ್ತಿದಳು, ಊರಿನ ಇನ್ನೂ ಹನ್ನೊಂದು ಮನೆಯವರಿಂದ ಬಿತ್ತಿಸಿದಳು. ಔಷಧ ಹೊಡೆಯುವ ಗೋಜು ಬೇಡವೆಂದಿದ್ದೆ. ಯಾರೂ ಹೊಡೆಯಲಿಲ್ಲ.

೨೦೨೩ರ ಆಗಸ್ಟ್ ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಹುಳುಗಳ ಪರೀಕ್ಷೆ ನಡೆಯುವ ಬಲೆಮನೆಯ ಟ್ರೇಗಳಲ್ಲಿ ನಲವತ್ತೊಂದನೆಯ ಸಾಲು ನಿನ್ನದು. ಹತ್ತು ದಿನದ ಸಸಿಗಳ ಮೇಲೆ ನಾನು ಮರಿಹುಳುಗಳನ್ನು ಬಿಟ್ಟೆ. ಹುಳುವಿಗೆ ತಾಳದೆಂದು ಗೊತ್ತಿದ್ದೇ ಹೋಲಿಕೆಗೆ ಬಿತ್ತಿದ್ದ ಸಾಲು ಎಂಟನೆಯ ದಿನ ಸತ್ತಿತು. ಅದು ಸತ್ತ ದಿನವೇ ಉಳಿದವಕ್ಕೆ ಅಂಕ ಹಾಕಬೇಕಲ್ಲ. ಸೊನ್ನೆ ಎಂದರೆ ಹಸಿರು, ಒಂಬತ್ತು ಎಂದರೆ ಸಾವು. ನಿನ್ನ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಸಿಗಳು ಬಾಡಿ ಬಿದ್ದಿದ್ದವು. ಮೂರೂ ಟ್ರೇಗಳಿಗೆ ಏಳು ಅಂಕ ಹಾಕಿದೆ. ನೀನು ಬಂದು ನೋಡಿದೆ. ಆರು ವರ್ಷದ ನಿನ್ನ ದುಡಿಮೆ ಅದು. “ಇನ್ನೊಮ್ಮೆ ಛಲೋತ್ನಂಗ ನೋಡ ವೃಷಾ,” ಎಂದು ನನ್ನ ಹೆಗಲು ತಟ್ಟಿ ಹೋದೆ.

ವರದಿಯಲ್ಲಿ ಮೂರು ಬಂತು. ತಳಿ ಪಾಸಾಯಿತು. ನಿನಗೆ ಶಾಲು ಹೊದಿಸಿದರು, ಕೊಲ್ಹಾಪುರಕ್ಕೆ ಬಡ್ತಿ ಕೊಟ್ಟರು. ಹಿಂದೆ ಕುಳಿತು ನಾನೂ ಚಪ್ಪಾಳೆ ತಟ್ಟಿದೆ.

ಹುಣ್ಣಿಮೆಯ ಮರುದಿನ ಹನ್ನೊಂದೂ ಮನೆಯವರು ದೊಡ್ಡವ್ವನ ಕಟ್ಟೆಗೆ ಬಂದರು. ಅಕ್ಕವ್ವನ ಮಾತು ಕೇಳಿ ಕೆಟ್ಟೆವು ಎಂದು ಬಸವಣ್ಣೆಪ್ಪ ಕಾಕಾ ಎಲ್ಲರೆದುರು ಅಂದುಬಿಟ್ಟರು. ಮೂವತ್ತು ವರ್ಷ ಊರಿಗೆ ಬೀಜ ಆರಿಸಿಕೊಟ್ಟವಳಿಗೆ ಆ ಮಾತು. ಅವಳು ನನ್ನ ಕಡೆ ತಿರುಗಿದಳು.

“ಪರೀಕ್ಷಾದಾಗ ಇದು ಪಾಸ ಆಗಿತ್ತೇನವ್ವ?”

ಇಲ್ಲ ಎಂದೆ.

“ಮತ್ತ ಪಾಸ ಅಂತ ಬರದಾರ್ಯಾರು?”

ನಿನ್ನ ಹೆಸರು ಹೇಳಿದೆ.

“ನಮ್ಮ ಮನ್ಯಾಗ ಉಂಡ ಹುಡುಗಿ ಆಕಿ,” ಎಂದಳು. ಅಷ್ಟೇ. ಎದ್ದು ಒಳಗೆ ಹೋದಳು. ಅಂದು ಒಲೆ ಹೊತ್ತಿಸಲಿಲ್ಲ.

ಬರುವ ಶುಕ್ರವಾರ, ಹದಿನೇಳಕ್ಕೆ, ಒಣಗಿದ ಭತ್ತದ ಕಂತೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಅವರೆಲ್ಲ ನಿನ್ನ ಕಚೇರಿಗೆ ಬರುತ್ತಾರೆ. ದೊಡ್ಡವ್ವನೂ ಬರುತ್ತಾಳೆ. ನಿನ್ನ ಮುಖ ನೋಡಿಯೇ ಕೇಳಬೇಕಂತೆ. ಅಂದು ರಜೆ ಹಾಕಬೇಡ. ಇಷ್ಟು ವರ್ಷದ ಗೆಳೆತನದಲ್ಲಿ ನಾನು ಕೇಳುತ್ತಿರುವುದು ಇದೊಂದೇ.

ವೃಷಾಲಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದೆ. ಮೇಲೆ ಬರೆದದ್ದನ್ನು ಓದಿ ನಿನಗೆ ನಗು ಬಂದಿರಬಹುದು. ಏಳನ್ನು ಹೊಡೆದುಹಾಕಿ ಮೂರು ಬರೆದದ್ದು ನಾನೇ, ಮೂರೂ ಟ್ರೇಗಳಿಗೆ. ನೀನು ಹೋದಮೇಲೆ ಇನ್ನೊಮ್ಮೆ ನೋಡಿದ್ದೆ. ಸಸಿಗಳು ಇನ್ನಷ್ಟು ಬಾಡಿದ್ದವು. ನನ್ನನ್ನು ಕಾಯಂ ಮಾಡುವ ಫೈಲು ಆ ವಾರ ನಿನ್ನ ಸಹಿಗೆ ಬಂದಿತ್ತು. ಅಂಕಿ ಬದಲಿಸೆಂದು ನೀನು ಹೇಳಲಿಲ್ಲ, ಹೇಗೆ ಬದಲಾಯಿತೆಂದು ಕೇಳಲೂ ಇಲ್ಲ. ಮರುದಿನವೇ ನನ್ನ ಫೈಲಿಗೆ ನೀನು ಸಹಿ ಹಾಕಿದೆ. ಅಂಕಿ ತಿದ್ದಿದ ಆ ಹಾಳೆ ನನ್ನ ಹತ್ತಿರವೇ ಇದೆ, ಶುಕ್ರವಾರ ತರುತ್ತೇನೆ. ದೊಡ್ಡವ್ವನಿಗೆ ಇನ್ನೂ ಹೇಳಿಲ್ಲ. ಟೆಂಪೋದಲ್ಲಿ ತನ್ನ ಪಕ್ಕದಲ್ಲೇ ಕೂಡಬೇಕೆಂದು ಹೇಳಿಕಳಿಸಿದ್ದಾಳೆ.