ಎರಡಿಂಚಿನ ಪೈಪು

ಮಾರ್ಚ್ 4, ಬೆಳಿಗ್ಗೆ 6
ನೀರು ಬಂತು. ಗೋಡೆಯೊಳಗೆ ಮೊದಲು ಒಂದು ನಿಟ್ಟುಸಿರು, ಆಮೇಲೆ ಭೋರ್ ಅಂತ. ಅರೆನಿದ್ದೆಯಲ್ಲಿ ಆ ಸದ್ದು ಕೇಳುತ್ತ ಬಿದ್ದಿರುವುದೇ ಸುಖ... ಏಳಬೇಕು. ರಸ್ತೆ ಅಗೆಯುತ್ತಿದ್ದಾರೆ. ಪೈಪ್‌ಲೈನ್ ನಕ್ಷೆಗೆ ಸಹಿ ಹಾಕಬೇಕು. ವಾಟರ್‌ವರ್ಕ್ಸ್ ಎಂಜಿನಿಯರ್ ಅಂದರೆ ಸಹಿಯದೇ ಕೆಲಸ.

ಮಾರ್ಚ್ 5
ಮೂಲ ನಕ್ಷೆ ಇವತ್ತು ಸಿಕ್ಕಿತು. ಬಟ್ಟೆಯ ಮೇಲೆ ಶಾಯಿ. ತಾತನ ಕೈಬರಹ — ಅವರೇ ಇಲ್ಲಿನ ಮೊದಲ ಎಂಜಿನಿಯರ್. ನಮ್ಮ ಬೀದಿಯ ನಲವತ್ತು ಮನೆಗೆ ಎಂಟಿಂಚಿನ ಪೈಪು. ದಿಬ್ಬದ ಮೇಲಿನ ಕೇರಿಯ ಮುನ್ನೂರು ಮನೆಗೆ ಎರಡಿಂಚು. ಪಕ್ಕದಲ್ಲಿ ಮುತ್ತಿನಂಥ ಅಕ್ಷರ: 'ಇವರಿಗೆ ಇಷ್ಟು ಸಾಕು.'

ವಾಲ್ವ್ ತಿರುಗಿಸುವ ಮೇಸ್ತ್ರಿ ಆ ಕೇರಿಯವರೇ. ನೋಡಿ ನಕ್ಕರು. "ಎಷ್ಟು ತಿರುಗಿಸಿದ್ರೂ ನೀರು ಯಾಕೆ ಮೇಲೆ ಹತ್ತಲ್ಲ ಅಂತ ಈಗ ಗೊತ್ತಾಯ್ತು ಬಿಡಿ ಮೇಡಂ."

"ಆಗ ನಾನು ಹುಟ್ಟೇ ಇರಲಿಲ್ಲ ಮೇಸ್ತ್ರಿ" ಅಂದೆ. ಅವರು ನನ್ನನ್ನೇನೂ ದೂರಿರಲಿಲ್ಲ.

ಮಾರ್ಚ್ 6
ಅಮ್ಮನಿಗೆ ಹೇಳಿದೆ — ಪೈಪು ಬದಲಿಸಿದರೆ ನಮಗೆ ದಿನ ಬಿಟ್ಟು ದಿನ ನೀರು. ಈಗ ಬಿಟ್ಟರೆ, ಟಾರು ಬಿದ್ದ ಮೇಲೆ ಇನ್ನಿಪ್ಪತ್ತು ವರ್ಷ ಅಗೆಯುವ ಹಾಗಿಲ್ಲ.

"ಸತ್ತೋರ ತಪ್ಪಿಗೆ ಬದುಕಿರೋರು ಬಾಯಾರಬೇಕೇನೇ?"

ಹೌದಲ್ಲ! ಹಾಯೆನಿಸಿತು. ಹಳೆಯದರಂತೆಯೇ ಇರಲಿ.

ಮಾರ್ಚ್ 9, ಮಧ್ಯಾಹ್ನ
ಆಫೀಸಿನಲ್ಲೇ ಜೋಂಪು. ಕನಸಲ್ಲಿ ಪೈಪಿನೊಳಗೆ ನಡೆಯುತ್ತಿದ್ದೆ. ನಮ್ಮ ಬೀದಿಯಲ್ಲಿ ಕೈಬೀಸಿಕೊಂಡು. ತಿರುವಿನಲ್ಲಿ ಬಗ್ಗಿದೆ... ತೆವಳಿದೆ... ಮುಂದೆ ತಲೆಯೂ ತೂರಲಿಲ್ಲ. ಆಚೆ ಕೊಡ ಇಡುವ ಸದ್ದು. ಮೆಲ್ಲಗೆ, ಒಂದರ ಪಕ್ಕ ಒಂದು.

ಎದ್ದು ಹಿಂದಿನ ನಕಲು ತೆಗೆದೆ. ಆರು ವರ್ಷ ಹಳೆಯದು. ಕಂಪ್ಯೂಟರಿನಲ್ಲಿ ಚೆಂದವಾಗಿ ಎಳೆದ ಎರಡಿಂಚಿನ ಗೆರೆ. ಕೆಳಗೆ ಸಹಿ — ನನ್ನದು! ಕೆಲಸಕ್ಕೆ ಸೇರಿದ ಹೊಸತು. ಅದಕ್ಕೂ ಹಿಂದಿನ ನಕಲು ನೋಡಿ ಇದ್ದ ಹಾಗೇ ಇಳಿಸಿದ್ದೆ, ಅಪ್ಪ ನೆಟ್ಟ ಆಲದ ಮರ ಅಂತ. ಯಾಕೆ ಹೀಗೆ ಅಂತ ಯಾರನ್ನೂ ಕೇಳಿರಲಿಲ್ಲ. ಮರೆತೂಬಿಟ್ಟಿದ್ದೆ. ನಾಚಿಕೆಯಾಯಿತು.

ಮಾರ್ಚ್ 10
ಹೊಸದಾಗಿ ಎಳೆದೆ. ಸಹಿ ಹಾಕಿದೆ. ಅಮ್ಮ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 21
ಬೆಳಿಗ್ಗೆ ದಿಬ್ಬಕ್ಕೆ ನೀರು ಬಿಟ್ಟೆವು. ಮೇಸ್ತ್ರಿಯ ಅಮ್ಮ ನಲ್ಲಿ ಕೆಳಗೆ ಬರೀ ಅಂಗೈ ಒಡ್ಡಿ ನಿಂತರು, ಎಷ್ಟೋ ಹೊತ್ತು. ಬಿಸಿಲು, ತುಂತುರು... ಯಾರಿಗೂ ಅವಸರವಿಲ್ಲ.

"ಇಷ್ಟು ವರ್ಷ ಈ ನೀರೆಲ್ಲ ಎಲ್ಲಿಗೆ ಹೋಗ್ತಿತ್ತಮ್ಮ?"

ಮೇಸ್ತ್ರಿ ಕಣ್ಣಲ್ಲೇ ಬೇಡ ಅಂದರು. ತಾತನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು.

"ನಮ್ಮನೆಗೆ, ಅಜ್ಜಿ. ಅದಕ್ಕೆ ನನ್ನ ಸಹಿನೂ ಇತ್ತು."

ಅಜ್ಜಿ ಬೈಯಲಿಲ್ಲ. ಒದ್ದೆ ಕೈಯಲ್ಲೇ ನನ್ನ ಮುಂಗೈ ಹಿಡಿದರು.

"ನೀರು ಬಂತು, ಸರಿ. ಐವತ್ತು ವರ್ಷ ನಾನು ಕೊಡ ಹೊತ್ತು ದಿಬ್ಬ ಹತ್ತಿದ್ನಲ್ಲ, ಅದು?"

ನಾನು ಆ ಕೈ ಬಿಡಿಸಿಕೊಳ್ಳಲಿಲ್ಲ.