ಎರಡನೇ ಗಂಟೆ

ಮೇ ೧೮, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಇವಳಿಗೆ ಎಷ್ಟು ಸೊಕ್ಕು ಎಂದು ಬಯ್ದುಕೊಂಡಿರುತ್ತೀರಿ. ಬಯ್ಯಿರಿ, ಪರವಾಗಿಲ್ಲ. ಬರೆಯಲು ಕೂತಾಗಲೆಲ್ಲ ಏನೋ ನೆಪ ಹುಡುಕಿ ಎದ್ದುಬಿಡುತ್ತಿದ್ದೆ. ನಿಮ್ಮ ಮಂಡಿನೋವು ಹೇಗಿದೆ? ಭಾವನವರು ಸಿಗರೇಟು ಬಿಟ್ಟರೆಂದು ಬರೆದಿದ್ದೀರಿ. ನೀವು ನಂಬಿದಿರಲ್ಲ, ಅದೇ ದೊಡ್ಡದು.

ಮೊದಲು ಮನೆಯ ಸುದ್ದಿ. ನಮ್ಮ ಪುಟ್ಟಿಗೆ ಕೆಲಸ ಸಿಕ್ಕಿದೆ. ಎಲ್ಲಿ ಎಂದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಬೆಟ್ಟದ ಅರಮನೆಯಲ್ಲಿ. ಅರಸರ ಮನೆಯವರು ಈಗ ಬೇಸಿಗೆಗೆ ಅಲ್ಲಿಗೆ ಬರುವುದಿಲ್ಲ. ತೋಟಕ್ಕೆ ಟಿಕೆಟ್ ಇಟ್ಟು ಜನರನ್ನು ಬಿಡುತ್ತಿದ್ದಾರೆ. ಬಂದವರಿಗೆ ತೋಟ ತೋರಿಸಿ ಅದರ ಕತೆ ಹೇಳುವುದು ಇವಳ ಕೆಲಸ. ನಾನು ಖಡಾಖಂಡಿತ ಬೇಡ ಎಂದೆ. "ಅಪ್ಪ ಅಲ್ಲಿ ಏಣಿಯಿಂದ ಬಿದ್ದ ಅಂತ ನಾನು ನೆಲದ ಮೇಲೂ ನಡೀಬಾರ್ದೇನಮ್ಮ?" ಎಂದಳು. ಥೇಟ್ ನಿಮ್ಮ ತಮ್ಮನ ಬಾಯಿ.

ನೀವು ಕೇಳಿದ್ದಿರಿ, ತಮ್ಮ ಬಿದ್ದ ಜಾಗವನ್ನು ಒಮ್ಮೆಯಾದರೂ ಕಣ್ಣಾರೆ ನೋಡಿ ಬಾ ಎಂದು. ಮರದ ಮೇಲೇ ಬೆಳೆದ ಹುಡುಗ ಏಣಿಯಿಂದ ಹೇಗೆ ಬಿದ್ದ, ನರಳಿದನೋ, ತಕ್ಷಣ ಹೋದನೋ ಎಂದು. ಅಕ್ಕಾ, ಪುಟ್ಟಿ ಅಂಬೆಗಾಲಿಡುತ್ತಿದ್ದಾಗಿನಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಆಗ ನಮ್ಮನ್ನು ಗೇಟು ದಾಟಲೇ ಬಿಡಲಿಲ್ಲ. ಮಾವಯ್ಯ ಅವತ್ತು ಮಗನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದವರು, ಅಲ್ಲಿನ ಹಿರಿಯ ಮಾಲಿ. ಆದರೆ "ಏಣಿ ಜಾರ್ತು" ಎಂದು ಅರಮನೆಯವರು ಹೇಳಿದ್ದನ್ನೇ ಹೇಳಿದರೇ ಹೊರತು ಅದರಾಚೆ ತುಟಿ ಪಿಟಕ್ಕೆನ್ನಲಿಲ್ಲ. ನಿಮ್ಮಪ್ಪ ನಿಮಗೆ ಗೊತ್ತಲ್ಲ.

ಹೋದ ಗುರುವಾರ ಪುಟ್ಟಿ ಇಬ್ಬರಿಗೆ ಪಾಸು ತಂದಳು. ಮಾವಯ್ಯ ಬರುವುದಿಲ್ಲ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ತೋಟ ಚಂದ ಇದೆ ಅಕ್ಕಾ. ಸುಳ್ಳು ಯಾಕೆ ಹೇಳಲಿ. ಬೆಟ್ಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಒಂದೊಂದು ಮೆಟ್ಟಿಲಿಗೂ ಒಂದೊಂದು ಬಣ್ಣದ ಹೂವು ಇಟ್ಟಿದ್ದಾರೆ. ಗಿಡದ ಬೇಲಿಗಳನ್ನು ಗೋಡೆಯ ಹಾಗೆ ನುಣ್ಣಗೆ ಕತ್ತರಿಸಿದ್ದಾರೆ. ಆ ಮನುಷ್ಯನ ಬಟ್ಟೆಯಿಂದ ಎಷ್ಟು ಮಣ್ಣು ಒಗೆದು ತೆಗೆದಿದ್ದೇನೆ, ಆ ಮಣ್ಣಿನಲ್ಲಿ ಇಂಥದ್ದೆಲ್ಲ ಬೆಳೆಯುತ್ತಿತ್ತು ಎಂದು ಗೊತ್ತೇ ಇರಲಿಲ್ಲ. ಹೊಟ್ಟೆ ಉರಿಯಿತು. ಮಾವಯ್ಯ ದಾರಿಯ ಅಂಚಿನಲ್ಲೇ ನಡೆಯುತ್ತಾ, ಬಿದ್ದ ಒಣ ಎಲೆಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಮಾವಯ್ಯ, ನಮ್ಮ ಹತ್ರ ಪಾಸಿದೆ. ನಡುವೆ ನಡೀರಿ" ಎಂದೆ.

"ಇರ್ಲಿ ಬಿಡಮ್ಮ" ಎಂದರು.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಬಂದಾಗ ಪುಟ್ಟಿ ಜನರನ್ನೆಲ್ಲ ಸುತ್ತ ಸೇರಿಸಿಕೊಂಡಳು. ಅಲ್ಲೊಂದು ಕಂಬಕ್ಕೆ ಹಿತ್ತಾಳೆಯ ಗಂಟೆ ಕಟ್ಟಿದೆ. "ತೋಟ ತಾನಾಗೇ ಬೆಳೆದ ಹಾಗೆ ಕಾಣ್ಬೇಕು ಅನ್ನೋದು ದೊಡ್ಡ ರಾಣಿಯವರ ಆಸೆ" ಎಂದು ಶುರು ಮಾಡಿದಳು. "ಅವರು ಅಡ್ಡಾಡೋಕೆ ಹೊರಟ್ರೆ ಒಂದು ಗಂಟೆ. ಮಾಲಿಗಳೆಲ್ಲ ಮಾಯ! ಅವರು ಒಳಗೆ ಹೋದ್ಮೇಲೆ ಎರಡನೇ ಗಂಟೆ. ಅಲ್ಲೀವರೆಗೂ ಮಾಲಿಗಳು ಕೆಮ್ಮೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ." ಜನ ನಕ್ಕರು. ಪುಟ್ಟಿ ಹಗ್ಗ ಜಗ್ಗಿ ಗಂಟೆ ಹೊಡೆದಳು.

ಪಕ್ಕಕ್ಕೆ ತಿರುಗಿದರೆ ಮಾವಯ್ಯ ಇಲ್ಲ.

ಕೋಲೂರಿ ನಡೆಯುವ ಮುದುಕ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲಿ ಹೋದರು? ಕೋಲು ದಾರಿಯಲ್ಲಿ ಬಿದ್ದಿತ್ತು. ಪುಟ್ಟಿ ಇದನ್ನು ನೋಡಲಿಲ್ಲ, ಮಾತಾಡುತ್ತಾ ಜನರನ್ನು ಕಾರಂಜಿಯ ಕಡೆ ಕರೆದುಕೊಂಡು ಹೋದಳು. ನಾನು ಬೇಲಿಯ ಉದ್ದಕ್ಕೂ ಹುಡುಕಿದೆ. ಒಂದು ಮೂಲೆಯಲ್ಲಿ, ಬೇಲಿಯ ಹಿಂದೆ, ಗಿಡವನ್ನು ಒಳಗೊಳಗೇ ಕೊರೆದು ಗೂಡಿನ ಹಾಗೆ ಮಾಡಿದ್ದಾರೆ. ಒಬ್ಬರಷ್ಟೇ ಹಿಡಿಯುತ್ತಾರೆ. ಅದರಲ್ಲಿ ಎಲೆಗಳಿಗೆ ಮುಖ ಒತ್ತಿಕೊಂಡು, ಕೈ ಮೈಗಂಟಿಸಿಕೊಂಡು ನಿಂತಿದ್ದರು.

"ಏನಿದು ಮಾವಯ್ಯ? ಬನ್ನಿ ಹೊರಗೆ. ಜನ ನೋಡ್ತಾರೆ."

"ಎರಡನೇ ಗಂಟೆ ಆಗ್ಲಿ" ಎಂದರು. ಪಿಸುಮಾತಿನಲ್ಲಿ.

ಅವರ ಬೆನ್ನಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ. ಗೋಡೆಯಾಚೆ ಬೆಟ್ಟ ಕೊನೆಯಾಗುತ್ತದೆ. ಬಗ್ಗಿ ನೋಡಿದೆ. ಕೆಳಗೆ, ತಲೆ ತಿರುಗುವಷ್ಟು ಕೆಳಗೆ, ರಸ್ತೆಯ ತಿರುವು ಕಾಣಿಸಿತು. ಅವತ್ತು ಅರಮನೆಯವರು ಮೇಲಿಂದ ತಂದೆವೆಂದು ಹೇಳಿ ನಿಮ್ಮ ತಮ್ಮನನ್ನು ನಮ್ಮ ಗಾಡಿಗೆ ಹಾಕಿದ ತಿರುವು ಅದೇ. ಅಲ್ಲಿ ಏಣಿ ಒರಗಿಸಲು ಒಂದು ಮರವೂ ಇಲ್ಲ ಅಕ್ಕಾ. ಬೇಲಿ ಆಳೆತ್ತರ, ನೆಲದ ಮೇಲೆ ನಿಂತೇ ಕತ್ತರಿಸಬಹುದು. ತೋಟಕ್ಕೆಲ್ಲ ಕೇಳುವಂತೆ ಕೂಗಿದೆ, "ಪುಟ್ಟೀ, ಗಂಟೆ ಹೊಡಿಯೇ!" ಅವಳು ಗಾಬರಿಯಿಂದ ಓಡಿ ಬಂದು ಹೊಡೆದಳು. ಆಮೇಲೆಯೇ ಮಾವಯ್ಯ ಹೊರಗೆ ಬಂದಿದ್ದು.

ಜನ ಚಪ್ಪಾಳೆ ತಟ್ಟಿದರು. ಇದೂ ಟಿಕೆಟ್ಟಿನಲ್ಲಿ ಸೇರಿದೆ ಎಂದುಕೊಂಡರೋ ಏನೋ. ಮೇಲ್ವಿಚಾರಕ ನಗುತ್ತಾ ಬಂದು, "ಅಜ್ಜ, ದಿನಾ ಬಂದು ಹೀಗೇ ಮಾಡ್ತೀರಾ? ಹಳೇ ಸಮವಸ್ತ್ರ ಕೊಡಿಸ್ತೀನಿ" ಎಂದ. ಅವನ ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಮಾವಯ್ಯ ಕೈಮುಗಿದು "ಆಗ್ಲಿ ಸ್ವಾಮಿ, ಬರ್ತೀನಿ" ಎಂದುಬಿಟ್ಟರು. ಪುಟ್ಟಿಗೆ ಖುಷಿಯೋ ಖುಷಿ, ತಾತನ ಜೊತೆ ಕೆಲಸ ಎಂದು. ಅವಳಿಗೆ ಏಣಿಯ ಕತೆಯಷ್ಟೇ ಗೊತ್ತು. ನಾನು ಏನನ್ನೂ ಹೇಳಿಲ್ಲ. ಹೇಳಿದರೆ ನಾಳೆಯಿಂದ ಅವಳು ಆ ಹಗ್ಗ ಹೇಗೆ ಹಿಡಿಯಬೇಕು?

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು. ಗಂಟೆಯಾದಾಗ ಅಡಗಲು ಜಾಗ ಸಾಲದೆ ನಿಮ್ಮ ತಮ್ಮ ಗೋಡೆಯ ಆಚೆ ಇಳಿದರು, ಅಲ್ಲಿಂದ ಬಿದ್ದರು. ಅಷ್ಟು ಎತ್ತರದಿಂದ ಬಿದ್ದವರು ನರಳುವುದಿಲ್ಲ. ಹಾಗೆಂದೇ ತಿಳಿದುಕೊಳ್ಳಿ.

ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಅಸಡ್ಡೆ ಬೇಡ. ಭಾವನವರಿಗೆ ನಮಸ್ಕಾರ. ಮಕ್ಕಳಿಬ್ಬರೂ ನೂರು ವರ್ಷ ಚೆನ್ನಾಗಿ ಬಾಳಲಿ. ನಿಮ್ಮ ಆಶೀರ್ವಾದ ಪುಟ್ಟಿಯ ಮೇಲಿರಲಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಅಕ್ಕಾ, ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದೆ. ಇದನ್ನು ನಾನೊಬ್ಬಳೇ ಹೊತ್ತುಕೊಂಡಿರಲಾರೆ. ಬೆಟ್ಟ ಇಳಿಯುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ, "ಅವತ್ತೂ ಎರಡನೇ ಗಂಟೆ ಆಗೋವರೆಗೂ ಹಾಗೇ ನಿಂತಿದ್ರಾ?" ಮಾವಯ್ಯ ಹೂಂ ಎಂದರು. ಗೂಡನ್ನು ಅಪ್ಪನಿಗೆ ಬಿಟ್ಟು ಮಗ ಗೋಡೆ ದಾಟಿದರಂತೆ. ಕಾಲ ಕೆಳಗಿನ ಕಲ್ಲು ಜಾರಿ, ಗೋಡೆ ಹಿಡಿದು ನೇತಾಡುತ್ತಿದ್ದರಂತೆ. ಬೇಲಿಯ ಇನ್ನೊಂದು ಬದಿಯಲ್ಲೇ ದೊಡ್ಡ ರಾಣಿ ನಿಂತು ಹೂವು ನೋಡುತ್ತಿದ್ದರಂತೆ.

"ಅಪ್ಪಾ, ಕೈ ಕೊಡು ಅಂದ" ಎಂದರು. "ಕಿರುಚಲಿಲ್ಲಮ್ಮ. ಮೆಲ್ಲಗೇ ಅಂದ. ಅವನಿಗೂ ನಿಯಮ ಗೊತ್ತಿತ್ತಲ್ಲ. ಬಹಳ ಹೊತ್ತು ಅಂತಿದ್ದ. ಗಂಟೆ ಆದ್ಮೇಲೆ ತಿರುಗಿ ನೋಡ್ದೆ."

ಊರಿನಲ್ಲಿ ಇಳಿಯುವಾಗ ಕೇಳಿದೆ, ಮತ್ತೆ ಯಾಕೆ ಒಪ್ಪಿಕೊಂಡಿರಿ, ದಿನವೂ ಹೋಗಿ ಅಲ್ಲೇ ನಿಲ್ಲುವುದಕ್ಕೆ?

"ಈಗ ಗಂಟೆ ನಮ್ಮ ಹುಡುಗಿ ಕೈಲಿದೆಯಲ್ಲಮ್ಮ" ಎಂದರು. "ನೀನು ಕೂಗಿದ ತಕ್ಷಣ ಹೊಡೆದ್ಲು, ನೋಡು."